ಅತ್ತೆ ಗಾಳಿ, ಸೊಸೆ ಗಾಳಿ

ಬೈರಕೂರು, ಮುಳಬಾಗಿಲು ತಾಲ್ಲೂಕು
೨೨ ಫೆಬ್ರವರಿ ೧೯೪೨

ಚಿರಂಜೀವಿ ಕದಿರೇಶನಿಗೆ ನಿನ್ನಪ್ಪ ಗುರುವಪ್ಪನ ಆಶೀರ್ವಾದ. ಎಮ್ಮೆಯೊಂದನ್ನು ಬಿಟ್ಟು ಮನೆಯಲ್ಲಿ ಮಿಕ್ಕವರೆಲ್ಲ ಚೆನ್ನಾಗಿದ್ದೇವೆ. ಅದಕ್ಕೆ ಕಾಲುಬಾಯಿ ಜ್ವರ.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಾವು ದಿನಾ ಆಡುವ ಗಾದೆಗಳೆಲ್ಲ ಸಮುದ್ರದಲ್ಲಿ ಹುಟ್ಟಿದವು ಅಂತ ನಿಮ್ಮ ಟಂಡೇಲ ಹೇಳಿದನೇನು? ಹಡಗಿನ ಖಲಾಸಿಗಳಿಗೆ ಅವನು ಮೇಸ್ತ್ರಿ ಅಂತ ನೀನೇ ಬರೆದಿದ್ದೆ. ಮೇಸ್ತ್ರಿ ಮೇಸ್ತ್ರಿ ಕೆಲಸ ಮಾಡಲಿ, ಗಾದೆ ನನಗೆ ಬಿಡಲಿ. 'ಎರಡು ದೋಣಿಯ ಮೇಲೆ ಕಾಲಿಡಬೇಡ' ಅನ್ನುವುದು ನೀರಿನದು, ಒಪ್ಪಿದೆ. 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು' ಅನ್ನುವುದನ್ನೂ ಕೊಟ್ಟೆ. ಆದರೆ 'ಗಾಳಿ ಬಂದಾಗ ತೂರಿಕೋ' ಅನ್ನುವುದು ಹಡಗಿನ ಹಾಯಿ ಬಿಚ್ಚುವ ಮಾತಂತೆ! ಆ ಮನುಷ್ಯ ಜನ್ಮದಲ್ಲಿ ರಾಗಿ ಕಣ ಕಂಡಿದ್ದಾನೆಯೇ? ಮೊರ ಎತ್ತಿ ಹಿಡಿದು, ಗಾಳಿ ಇಲ್ಲದೆ ಮಧ್ಯಾಹ್ನವೆಲ್ಲ ಕಾದು, ಅದು ಬಂದ ಕೂಡಲೇ ತೂರಿ ಹೊಟ್ಟು ಹಾರಿಸಿದವನಿಗೆ ಗೊತ್ತು ಅದು ಯಾರ ಗಾದೆ ಅಂತ. 'ಬುರುಡೆ ಬಿಡುವುದು' ಅನ್ನುವ ಮಾತು ಬೇಕಾದರೆ ನಿಮ್ಮ ಟಂಡೇಲನ ಹಡಗಿನಿಂದ ಬಂದಿರಬಹುದು.

ನನ್ನ ಕಡೆಯಿಂದಲೂ ಒಂದು ತಗೋ: ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಶ್ರೀನಿವಾಸಪುರದಿಂದ ಮದ್ರಾಸಿಗೆ ಮಾವಿನಕಾಯಿ ಇಳಿಸಿ ಬರ್ತೀನಿ ಅಂತ ಹೊರಟವನು ಹಡಗು ಹತ್ತಿದೆ. ಕಟ್ಟಿಕೊಂಡ ಹೆಂಡತಿಯನ್ನು ನಡುನೀರಲ್ಲಿ ಕೈಬಿಟ್ಟೆ. ವೆಂಕಟರತ್ನಮ್ಮ ಏನೂ ಅನ್ನುವುದಿಲ್ಲ, ಅದಕ್ಕೇ ನಾನು ಅನ್ನುತ್ತಿದ್ದೇನೆ.

ಕ್ಯಾಲನೂರಿನಿಂದ ಸಾವಿನ ಸುದ್ದಿ, ಮೂಲೆ ಹರಿದ ಕಾಗದ ಬಂದಿತ್ತು. ನಿನ್ನ ಸೋದರತ್ತೆ ಗಂಗರತ್ನಮ್ಮನ ಮಾವ ತೀರಿಕೊಂಡರು. ನಮ್ಮ ನೆಂಟರಲ್ಲಿ ನಡೆದುಬಂದ ಹಾಗೆ ಹೊಸಿಲ ಹೊರಗೇ ಓದಿ, ಅಲ್ಲೇ ಹರಿದುಹಾಕಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆವು. ನಿಮ್ಮಮ್ಮನ ಕಣ್ಣಿನ ಪೊರೆ ಹೆಚ್ಚಾಗಿದೆ. ಕಾಗದ ಬಂದರೆ ಮೊದಲು ಮೂಲೆ ತಡವಿ ನೋಡಿ, ಆಮೇಲೆ ನನ್ನ ಕೈಗೆ ಕೊಡುತ್ತಾಳೆ.

ಸಿಂಗಪುರ ಜಪಾನಿನವರ ಕೈಗೆ ಬಿದ್ದುಹೋಯಿತಂತೆ. ಪೇಪರು ಓದಿದ ಮೇಲೆ ಊಟ ಸೇರಲಿಲ್ಲ.

ನಿನ್ನಪ್ಪ,
ಗುರುವಪ್ಪ


ಕಲ್ಕತ್ತಾ ಬಂದರು
೧೬ ಮಾರ್ಚ್ ೧೯೪೨

ಅಪ್ಪನಿಗೂ ಅಮ್ಮನಿಗೂ ಕದಿರೇಶ ಬಗ್ಗಿ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಎಮ್ಮೆಯ ಸಮಾಚಾರ ತಿಳಿಸಿ.

ಟಂಡೇಲನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಅವನು ಭಟ್ಕಳದ ಕಡೆಯ ಮುದುಕ. ನನ್ನ ಕನ್ನಡ ಕೇಳಿದರೆ ಅರ್ಧ ತೆಲುಗು ಅಂತ ನಗುತ್ತಾನೆ. ಗಾಳಿಯ ಗಾದೆಗೆ ಅವನು ಕೊಟ್ಟ ಉತ್ತರ ಹೀಗಿದೆ: "ನಿನ್ನ ಅಪ್ಪನಿಗೆ ಬರಿ ಮಾರಾಯ, ಆ ಗಾಳಿ ನಿಮ್ಮ ಕಣಕ್ಕೆ ಬರುವ ಮೊದಲು ಸಮುದ್ರ ದಾಟಿಯೇ ಬರುವುದು. ಮೊದಲು ಕಂಡವರು ನಾವು. ಗಾದೆ ನಮ್ಮದೇ."

ಅಪ್ಪ, ಇದು ಬರೀ ತಮಾಷೆಯಲ್ಲ. ಈಗ ಹಡಗಿನಲ್ಲಿ ಕತ್ತಲಾದ ಮೇಲೆ ದೀಪ ಹಚ್ಚುವ ಹಾಗಿಲ್ಲ, ಬೀಡಿ ಸೇದುವ ಹಾಗಿಲ್ಲ. ಬೆಂಡು ತುಂಬಿ ಹೊಲಿದ ಅಂಗಿ ತೊಟ್ಟುಕೊಂಡೇ ಮಲಗಬೇಕು. ಕೆರೆಯಲ್ಲಿ ಈಜು ಕಲಿಸುವಾಗ ನೀವು ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದಿರಲ್ಲ, ಹಾಗೆ. ಕಾವಲಿಗೆ ಕೂತಾಗ ಸುಮ್ಮನಿದ್ದರೆ ನೀರಿನ ಕೆಳಗೆ ಏನೋ ನಮ್ಮ ಕಡೆಗೇ ಬರುತ್ತಿದೆ ಅನ್ನಿಸುತ್ತದೆ. ನನಗೆ ಹೆದರಿಕೆ, ಟಂಡೇಲನಿಗೂ ಹೆದರಿಕೆ. ಅದಕ್ಕೇ ಈ ಆಟ ಕಟ್ಟಿದ್ದಾನೆ. ನಾನು ಒಂದು ಗಾದೆ ಹೇಳಬೇಕು, ಅದು ಸಮುದ್ರದಲ್ಲಿ ಹೇಗೆ ಹುಟ್ಟಿತು ಅಂತ ಅವನು ಕತೆ ಕಟ್ಟಬೇಕು. ಸುಳ್ಳು ಅಂತ ಇಬ್ಬರಿಗೂ ಗೊತ್ತು. ಆದರೆ ಹೊತ್ತು ಹೋಗುತ್ತದೆ, ಬೆಳಕು ಬರುತ್ತದೆ.

ನನ್ನ ಗಾದೆಗಳು ಮುಗಿಯುತ್ತಾ ಬಂದವು. ಅವನು ಸೋಲುವಂಥದ್ದನ್ನು ಕಳಿಸಿ. ಸದ್ಯದಲ್ಲೇ ತೆಂಕಲ ಕಡೆಗೆ ಹೊರಡುತ್ತೇವೆ. ಕಲ್ಕತ್ತಾ ಕಂಪನಿ ಆಫೀಸಿಗೆ ಬರೆದರೆ ನಾನೆಲ್ಲಿದ್ದರೂ ಮುಟ್ಟಿಸುತ್ತಾರೆ.

ವೆಂಕಟರತ್ನಮ್ಮನಿಗೆ ನಾನು ಕೈಬಿಟ್ಟಿಲ್ಲ ಅಂತ ಹೇಳಿ.

ನಿಮ್ಮ ಮಗ,
ಕದಿರೇಶ


ಬೈರಕೂರು
೧೩ ಏಪ್ರಿಲ್ ೧೯೪೨

ಚಿರಂಜೀವಿ ಕದಿರೇಶನಿಗೆ ಅಪ್ಪನ ಆಶೀರ್ವಾದ. ಎಮ್ಮೆ ಹುಷಾರಾಯಿತು. ನಾವು ಹುಷಾರಿಲ್ಲ.

ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಕೋಲಾರದವರೆಗೂ ಬಂದುಬಿಟ್ಟಿದ್ದಾರೆ. ಮುಳಬಾಗಿಲ ಛತ್ರದಲ್ಲಿ ಕಾಲಿಡಲು ಜಾಗವಿಲ್ಲ. ವಿಶಾಖಪಟ್ಟಣದ ಮೇಲೆ ಬಾಂಬು ಬಿತ್ತಂತೆ. ಈ ತಿಂಗಳ ಮೊದಲ ವಾರ ಬಂಗಾಳ ಕೊಲ್ಲಿಯಲ್ಲಿ ಜಪಾನಿನವರು ಬಹಳ ಹಡಗು ಮುಳುಗಿಸಿದರಂತೆ. ಯಾವ ಹಡಗು ಅಂತ ಪೇಪರಿನಲ್ಲಿ ಹಾಕಿಲ್ಲ. ಅರಳಿಕಟ್ಟೆಯಲ್ಲಿ ಪೇಪರು ಓದಿ ಹೇಳುವವನು ನಾನೇ ತಾನೇ. ಆ ಸಾಲನ್ನು ಬಿಟ್ಟು ಮುಂದಕ್ಕೆ ಓದಿದೆ. ಮನೆಯಲ್ಲೂ ಹೇಳಿಲ್ಲ. ಹೇಳದಿದ್ದರೂ ಅವರಿಬ್ಬರಿಗೆ ಗೊತ್ತಾಗಿದೆ.

ನಿನ್ನ ಮೇಲೆ ಇದ್ದ ಸಿಟ್ಟು ಹೋಯಿತು ಕಣೋ. ಅದೇ ಇದ್ದಿದ್ದರೆ ಚೆನ್ನಾಗಿತ್ತು. ಅದು ಎದ್ದ ಜಾಗದಲ್ಲಿ ಹೆದರಿಕೆ ಬಂದು ಕೂತಿದೆ.

ನೀನು ಗಾದೆ ಕೇಳಿದ್ದೆ. ನಾನು ಯೋಚನೆ ಮಾಡುತ್ತಿರುವಾಗ ವೆಂಕಟರತ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಾವ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತೀವಲ್ಲ, ಅದೂ ಸಮುದ್ರದಿಂದಾನೇ ಬಂತಾ ಅಂತ ಕೇಳಿ" ಅಂದಳು. ನಿಮ್ಮಮ್ಮ ಒಳಗಿಂದಲೇ, "ಲೇ, ಅದು ನಮ್ಮನೇದು ಕಣೇ, ಸಮುದ್ರಕ್ಯಾಕೆ ಹೋಗ್ತೀಯ" ಅಂದಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕರು. ಇದಕ್ಕೆ ನಿಮ್ಮ ಟಂಡೇಲ ಉತ್ತರ ಹುಡುಕಲಿ ನೋಡೋಣ. ಹಡಗಿನಲ್ಲಿ ಅತ್ತೆ ಎಲ್ಲಿ, ಸೊಸೆ ಎಲ್ಲಿ?

ಗಾದೆ ಹೇಗಾದರೂ ಹುಟ್ಟಿರಲಿ. ನೀನು ಇದ್ದೀಯ ಅಂತ ಒಂದು ಸಾಲು ಬರೆ.

ನಿನ್ನ ಕಾಗದಕ್ಕೆ ಕಾಯುವ,
ಗುರುವಪ್ಪ


ಬೈರಕೂರು
೧೯ ಜೂನ್ ೧೯೪೨

ಕದಿರೇಶ,

ಚಿರಂಜೀವಿ ಅಂತ ಬರೆಯಲು ಹೋಗಿ ನಿಲ್ಲಿಸಿದೆ. ಬರೆಯದಿದ್ದರೆ ಏನಾಗುವುದೋ ಅಂತಲೂ ಹೆದರಿಕೆ. ಇದು ನಿನ್ನ ಕೈ ಸೇರಿದರೆ ನೀನಿದ್ದೀಯ. ಸೇರದಿದ್ದರೆ ನಾನು ಯಾರಿಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಇವತ್ತು ಶ್ರೀನಿವಾಸಪುರದ ಮಂಡಿಗೆ ಮಾವಿನಕಾಯಿ ಹಾಕಿ ಗಾಡಿಯಲ್ಲಿ ಬರುತ್ತಿದ್ದೆ. ಕೆರೆ ಏರಿಯ ಮೇಲೆ ಇರುವಾಗಲೇ ನಿಮ್ಮಮ್ಮನ ಕೂಗು ಕೇಳಿಸಿತು. "ಅಯ್ಯೋ ನಾ ತಂಡ್ರೀ, ನಾ ಬಂಗಾರು ತಂಡ್ರೀ." ಬಂಗಾರದಂಥ ಮಗನೇ ಅಂತ. ಅವಳು ತೆಲುಗಿನಲ್ಲಿ ಅಳುವುದು ಸತ್ತವರಿಗೆ ಮಾತ್ರ. ಎತ್ತುಗಳನ್ನು ಅಲ್ಲೇ ಬಿಟ್ಟು ಓಡಿದೆ.

ನಿಮ್ಮಮ್ಮ ಒಬ್ಬಳೇ ಇದ್ದ ಹೊತ್ತಿನಲ್ಲಿ ಅಂಚೆಯವನು ಲಕೋಟೆಯನ್ನು ಜಗಲಿಯ ಮೇಲೆ ಎಸೆದು ಹೋಗಿದ್ದಾನೆ. ವೆಂಕಟರತ್ನಮ್ಮ ಟೊಮ್ಯಾಟೊ ಮಡಿಗೆ ನೀರು ಕಟ್ಟಲು ಹೋಗಿದ್ದಳು. ನಿಮ್ಮಮ್ಮ ಲಕೋಟೆ ಒಡೆದು ಎಂದಿನ ಹಾಗೆ ಮೂಲೆ ತಡವಿದ್ದಾಳೆ. ಮೇಲಿನ ಬಲಗಡೆ ಮೂಲೆ ಇಲ್ಲ. "ಮೂಲೆ ಇರ್ಲಿಲ್ಲ. ತಿರುಗಿಸಿ ತಿರುಗಿಸಿ ತಡವಿದೆ, ಮೂಲೆ ಇರ್ಲೇ ಇಲ್ಲ" ಅಂತ ಅದೊಂದೇ ಮಾತು. ಯಾರಿಗೂ ಓದಿಸದೆ, ಹೊಸಿಲ ಹೊರಗೆ ಚೂರು ಚೂರು ಹರಿದು, ತಲೆಗೆ ಕೊಡ ನೀರು ಸುರಿದುಕೊಂಡಿದ್ದಾಳೆ. ಚೂರುಗಳು ಆ ನೀರಿನಲ್ಲೇ ಬಚ್ಚಲ ಮೋರಿಗೆ ಹೋಗಿವೆ.

ನಾನು ಬರುವಷ್ಟರಲ್ಲಿ ನಿನ್ನ ದೊಡ್ಡಪ್ಪ ದೊಡ್ಡನಾರಾಯಣಪ್ಪ ಜಗಲಿಯಲ್ಲಿ ಕೂತಿದ್ದರು. ವೆಂಕಟರತ್ನಮ್ಮ ಮೋರಿಯಲ್ಲಿ ಮಂಡಿಯೂರಿ ಚೂರು ಹೆಕ್ಕುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಒಂದು ಚೂರು ತಂದು ನನಗೆ ತೋರಿಸಿದಳು.

"ನೋಡಿ ಮಾವ. ನಮ್ಮೋರು ಮೂಲೇನ ಕೈಯಲ್ಲಿ ಹರೀತಾರೆ. ಇದು ಕತ್ತರಿ ಹಾಕಿರೋದು, ಅಂಚು ಎಷ್ಟು ನೆಟ್ಟಗಿದೆ. ಸಾವಿನ ಕಾಗದಕ್ಕೆ ಕತ್ತರಿ ಯಾರು ಹುಡುಕ್ತಾರೆ?"

ನಿನ್ನ ದೊಡ್ಡಪ್ಪ ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಗುರುವಾ, ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ. ಆ ಹುಡುಗಿ ಹಿಡಿದಿರೋದು ಹುಲ್ಲುಕಡ್ಡಿ ಕಣೋ. ಕೈಯಲ್ಲಿ ಬಳೆ ಇಟ್ಕೊಂಡು ಓಡಾಡಿದ್ರೆ ಊರು ಏನಂದೀತು? ನಾಡಿದ್ದು ಆಗೋದು ಆಗ್ಲಿ."

ಜಗತ್ತಿನ ಗಾದೆಯೆಲ್ಲ ನನ್ನ ನಾಲಗೆ ಮೇಲಿದೆ ಅಂತ ಮೆರೆಯುತ್ತಿದ್ದೆನಲ್ಲ, ಅಣ್ಣನ ಒಂದು ಗಾದೆಗೆ ಉತ್ತರ ಹೊಳೆಯಲಿಲ್ಲ. ನಾಡಿದ್ದು ಅವಳ ಬಳೆ ತೆಗೆಸಲು ಮನೆಗೆ ಹೆಂಗಸರು ಬರುತ್ತಾರೆ. ಅವಳು ಮೊರದಲ್ಲಿ ಚೂರು ಹರಡಿ ನೆರಳಲ್ಲಿ ಒಣಗಿಸುತ್ತಿದ್ದಾಳೆ. ಮಸಿ ಅರ್ಧಕ್ಕರ್ಧ ತೊಳೆದುಹೋಗಿದೆ. ಉಳಿದ ಅಕ್ಷರ ನಿನ್ನದೇ, ಆದರೆ ನೀನು ಹೋದ ಮೇಲೆ ಯಾರೋ ನಿನ್ನ ಕಡೆಯ ಕಾಗದದ ಮೂಲೆ ತೆಗೆದು ಕಳಿಸಿದ್ದಾರೆ ಅಂತ ಅಣ್ಣ ಅನ್ನುತ್ತಾರೆ.

ಕದಿರೇಶ, ಎಲ್ಲಿದ್ದೀಯೋ?

ಗುರುವಪ್ಪ


ಬೈರಕೂರು
೨೧ ಜೂನ್ ೧೯೪೨

ಕದಿರೇಶ,

ಮೊದಲಿನ ಕಾಗದದ ಹಿಂದೆಯೇ ಇದನ್ನೂ ಹಾಕುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಹೆಂಗಸರು ಬಂದು ಅಂಗಳದಲ್ಲಿ ಕೂತರು. ವೆಂಕಟರತ್ನಮ್ಮ ಸಿಕ್ಕಿದ ಚೂರುಗಳನ್ನೆಲ್ಲ ಗಂಜಿ ಹಚ್ಚಿ ಮೊರದ ಬೆನ್ನಿಗೆ ಅಂಟಿಸಿದ್ದಳು. ಓದು ಬಾರದವಳು, ಅಂಚಿಗೆ ಅಂಚು ನೋಡಿ ಹೊಂದಿಸಿದ್ದಳು. ಮೊರವನ್ನು ನನ್ನ ಮುಂದೆ ಹಿಡಿದು, "ಇದನ್ನೊಂದು ಓದಿಬಿಡಿ ಮಾವ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ" ಅಂದಳು.

ಅಕ್ಷರ ನಿನ್ನದೇ. ಆದರೆ ಅದು ಮೊದಲೇ ಗೊತ್ತಿದ್ದದ್ದು. ಸಾಯುವ ಮುಂಚೆ ಬರೆದು ಹಾಕಿದ ಕಾಗದ ಸತ್ತ ಮೇಲೂ ಬರುತ್ತದೆ. ತಾರೀಖು ಇದ್ದದ್ದು ಆ ಮೂಲೆಯಲ್ಲಿ, ಮೂಲೆಯೇ ಇಲ್ಲ. ಮಿಕ್ಕದ್ದರಲ್ಲಿ ಅಲ್ಲೊಂದು ಇಲ್ಲೊಂದು ಮಾತು ಉಳಿದಿತ್ತು. ಇದ್ದ ಹಾಗೆ ಗಟ್ಟಿಯಾಗಿ ಓದಿದೆ. "ಆರು ತಿಂಗಳು ಅತ್ತೆ ಗಾಳಿ." ಆಮೇಲೆ ಏನೂ ಕಾಣಲಿಲ್ಲ. ಕೆಳಗೆ, "ಸೊಸೆ ಗಾಳಿ ತಿರುಗಿ ಮನೆಗೆ." ಅದರ ಪಕ್ಕದಲ್ಲಿ, "ಅಂತ ಟಂಡೇಲ ಹೇಳಿದ." ನನಗೆ ತಲೆಬುಡ ತಿಳಿಯಲಿಲ್ಲ. ಜ್ವರದಲ್ಲಿ ಬಡಬಡಿಸಿದ್ದೀಯ ಅಂದುಕೊಂಡೆ.

ವೆಂಕಟರತ್ನಮ್ಮ ಕಿರುಚಿದಳು. ಅವಳ ದನಿ ಅಷ್ಟು ದೊಡ್ಡದು ಅಂತ ನನಗೆ ಇವತ್ತೇ ಗೊತ್ತಾದದ್ದು. "ಮಾವ, ಅದು ನಾನು ಕೇಳಿದ್ದು! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಾನು ಕೇಳಿದ್ದು! ಹಡಗು ಮುಳುಗಿದ ಸುದ್ದಿ ಬಂದಮೇಲಲ್ವಾ ನೀವು ಬರ್ದಿದ್ದು? ಅದಕ್ಕೆ ಉತ್ತರ ಕೊಟ್ಟವ್ರೆ ಅಂದ್ರೆ ಆಮೇಲೂ ಅವ್ರೆ!"

ಅಣ್ಣನಿಗೆ ಅರ್ಥವಾಗಲು ಇನ್ನೂ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದ್ದು, ಹೆಂಗಸರಿಗೆ "ಏಳ್ರಮ್ಮ, ಮನೆಗೆ ನಡೀರಿ" ಅಂದು, ತಾನೇ ಮೊದಲು ಹೊರಟುಹೋದರು.

ಮಧ್ಯಾಹ್ನ ಮುಳಬಾಗಿಲಿಗೆ ಹೋಗಿ ಪೋಸ್ಟ್ ಮಾಸ್ಟರನ್ನು ಕೇಳಿದೆ. ಯುದ್ಧದ ಕಾಲದಲ್ಲಿ ಸಮುದ್ರದ ಕಡೆಯಿಂದ ಬರುವ ಕಾಗದವನ್ನೆಲ್ಲ ಸರ್ಕಾರದವರು ಒಡೆದು ಓದಿ, ಊರ ಹೆಸರು ಇದ್ದರೆ ಕತ್ತರಿಸುತ್ತಾರಂತೆ. ನೀನು ಯಾವಾಗಲೂ ಊರನ್ನೂ ತಾರೀಖನ್ನೂ ಬರೆಯುವುದು ಆ ಮೂಲೆಯಲ್ಲೇ. ಇನ್ನು ಮೇಲೆ ಊರ ಹೆಸರು ಬರೆಯಲೇಬೇಡ.

ನಿಮ್ಮಮ್ಮ ಹೊಸಿಲ ಮೇಲೆಯೇ ಕೂತಿದ್ದಾಳೆ. "ನನ್ನ ಮಗನ ಮಾತನ್ನ ನಾನೇ ಮೋರಿಗೆ ಹಾಕಿದೆ" ಅನ್ನುತ್ತಾಳೆ. ಅನ್ನ ಮುಟ್ಟಿಲ್ಲ. ಸೊಸೆ ಗಂಜಿ ಮಾಡಿ ತುತ್ತು ತುತ್ತಾಗಿ ಕುಡಿಸುತ್ತಿದ್ದಾಳೆ.

ಆವಾಗ ನೀನು ಇದ್ದೆ ಅಂತ ಗೊತ್ತಾಯಿತು. ಇವತ್ತು ಇದ್ದೀಯಾ? ನೆಮ್ಮದಿ ಒಂದು ಹೊತ್ತೂ ಉಳಿಯಲಿಲ್ಲ ಕಣೋ, ಆಗಲೇ ಮತ್ತೆ ಶುರುವಾಯಿತು.

ನಿನ್ನಪ್ಪ,
ಗುರುವಪ್ಪ


೨ ಆಗಸ್ಟ್ ೧೯೪೨

ಅಪ್ಪ, ಅಮ್ಮ, ಇಬ್ಬರ ಕಾಲಿಗೂ ಬಿದ್ದು ಬರೆಯುತ್ತಿದ್ದೇನೆ. ಇದ್ದೇನೆ. ಮೊದಲು ಅದನ್ನು ಓದಿ ಹೇಳಿಬಿಡಿ.

ನಿಮ್ಮ ಎರಡು ಕಾಗದಗಳೂ ಒಟ್ಟಿಗೆ ಬಂದವು. ಓದಿ, ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಮಲಗಿದೆ. ಪಕ್ಕದ ಹಾಸಿಗೆಯವನು ಊರಲ್ಲಿ ಯಾರಾದರೂ ಹೋದರಾ ಅಂತ ಕೇಳಿದ. ನಾನೇ ಹೋಗಿದ್ದೆ ಅಂತ ಹೇಗೆ ಹೇಳಲಿ?

ಆ ಕಾಗದದಲ್ಲಿ ನಿಮಗೆ ನಿಜ ಬರೆದಿರಲಿಲ್ಲ. ನೀವು ಹೆದರುತ್ತೀರಿ ಅಂತ ಬರೀ ಗಾದೆ ಬರೆದಿದ್ದೆ. ಈಗ ಹೇಳುತ್ತೇನೆ. ಏಪ್ರಿಲಿನಲ್ಲಿ ಮುಳುಗಿದ ಹಡಗುಗಳಲ್ಲಿ ನಮ್ಮದೂ ಒಂದು. ಬೆಳಿಗ್ಗೆ ಗಂಜಿ ಕುಡಿಯುವ ಹೊತ್ತಿಗೆ ಗುಂಡು ಬಿತ್ತು. ನನ್ನ ಎಡಗಾಲಿಗೆ ಕಬ್ಬಿಣದ ಚೂರು ಹೊಕ್ಕಿತು. ನೀರಿಗೆ ಬಿದ್ದಾಗ ನಮ್ಮ ಕೆರೆಯ ಹಾಗೆ ಕಾಲಿಗೆ ನೆಲ ಸಿಗುತ್ತದೆ ಅಂತ ಕಾಲು ಕೆಳಗೆ ಬಿಟ್ಟೆ, ಅಪ್ಪ. ಕೆರೆಯಲ್ಲಿ ಕಲಿತವನ ಬುದ್ಧಿ. ಎಷ್ಟು ಇಳಿದರೂ ನೆಲ ಇರಲಿಲ್ಲ. ಆ ಭಯ ಇನ್ನೂ ಹೋಗಿಲ್ಲ. ಈಗಲೂ ಹಾಸಿಗೆಯಿಂದ ಕಾಲು ಇಳಿಬಿಡುವಾಗ ನೆಲ ಇದೆಯೋ ಇಲ್ಲವೋ ಅಂತ ನೋಡಿ ಇಡುತ್ತೇನೆ.

ಟಂಡೇಲ ನನ್ನ ಬೆಂಡಿನ ಅಂಗಿ ಹಿಡಿದು ಮೇಲಕ್ಕೆ ಎಳೆದ. ಒಂದೇ ಹಲಗೆಗೆ ಇಬ್ಬರೂ ಜೋತುಬಿದ್ದೆವು. ನಾನು ಕಣ್ಣು ಮುಚ್ಚಿದಾಗಲೆಲ್ಲ, "ಗಾದೆ ಹೇಳು ಮಾರಾಯ" ಅನ್ನುತ್ತಿದ್ದ. ನನಗೆ ಹೊಳೆಯುತ್ತಿದ್ದದ್ದು ಒಂದೇ, ನೀವು ಬರೆದದ್ದು, ನಡುನೀರಲ್ಲಿ ಕೈಬಿಡುವುದು. ಅದನ್ನೇ ಹೇಳಿದೆ. "ಇದಕ್ಕೆ ಕತೆ ಕಟ್ಟುವುದು ಬೇಡ" ಅಂತ ನಕ್ಕ. ಬಿಸಿಲು ಏರಿದ ಮೇಲೆ ಅವನು ಮಾತಾಡಲಿಲ್ಲ. ನಾನು ಕೈಬಿಡಲಿಲ್ಲ ಅಪ್ಪ. ದೋಣಿ ಬಂದು ನನ್ನನ್ನು ಎತ್ತುವಾಗಲೂ ಅವನ ತೋಳು ಹಿಡಿದೇ ಇದ್ದೆನಂತೆ. ಬಿಡಿಸಿದವರು ಅವರು.

ಅತ್ತೆ ಗಾಳಿ, ಸೊಸೆ ಗಾಳಿ ಟಂಡೇಲ ಹೇಳಿದ್ದಲ್ಲ. ನಿಮ್ಮ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಅವನು ಇರಲಿಲ್ಲ. ಅವನಿದ್ದಿದ್ದರೆ ಏನು ಹೇಳುತ್ತಿದ್ದ ಅಂತ ಯೋಚಿಸಿ ನಾನೇ ಕಟ್ಟಿದೆ. ವರ್ಷದಲ್ಲಿ ಆರು ತಿಂಗಳು ಗಾಳಿ ಒಂದು ಕಡೆಯಿಂದ ಬೀಸಿ ಹಡಗನ್ನು ಮನೆಯಿಂದ ಆಚೆ ದಬ್ಬುತ್ತದೆ, ಅದು ಅತ್ತೆ. ಮಿಕ್ಕ ಆರು ತಿಂಗಳು ತಿರುಗಿ ಬೀಸಿ ಮನೆಗೆ ಕರೆತರುತ್ತದೆ, ಅದು ಸೊಸೆ. ಅಮ್ಮ ಬೇಜಾರು ಮಾಡಿಕೊಳ್ಳಬಾರದು.

ಊರ ಹೆಸರು ಬರೆಯಬೇಡ ಅಂದಿರಿ. ಎಲ್ಲಿದ್ದೇನೆ ಅಂತ ಹೇಳದೆ ಮನೆಗೆ ಕಾಗದ ಬರೆಯಲು ನನಗೆ ಆಗುವುದಿಲ್ಲ. ಅದಕ್ಕೇ ಮೂಲೆ ಬಿಟ್ಟು ಹಾಳೆಯ ನಟ್ಟನಡುವೆ ಬರೆಯುತ್ತೇನೆ, ಏನಾದರೂ ಮಾಡಿಕೊಳ್ಳಲಿ. ನಾನು ಈಗ ಇರುವುದು

[ಇಲ್ಲಿ ಕಾಗದ ಕತ್ತರಿಸಿದೆ]

ಕಾಲು ನೆಟ್ಟಗಾದರೆ ಕಳಿಸುತ್ತಾರೆ. ಆದರೆ ಬರಬೇಕಾದರೂ ನೀರು ದಾಟಿಯೇ ಬರಬೇಕು. ಅದನ್ನು ನೆನೆದರೆ ಮೈ ತಣ್ಣಗಾಗುತ್ತದೆ. ವೆಂಕಟರತ್ನಮ್ಮನಿಗೆ ಹೇಳಿ, ಬಳೆ ಅವಳೇ ಉಳಿಸಿಕೊಂಡಳು, ನಾನಲ್ಲ. ನಾನು ಬಂದು ಹೊಸ ಬಳೆ ಇಡಿಸುತ್ತೇನೆ.

ನಿಮ್ಮ ಮಗ,
ಕದಿರೇಶ


ಬೈರಕೂರು
೪ ಅಕ್ಟೋಬರ್ ೧೯೪೨

ಚಿರಂಜೀವಿ, ಚಿರಂಜೀವಿ, ಚಿರಂಜೀವಿ ಕದಿರೇಶನಿಗೆ ಅಪ್ಪನ ಆಶೀರ್ವಾದ. ಹಿಂದೆ ಬಿಟ್ಟದ್ದನ್ನೆಲ್ಲ ಸೇರಿಸಿ ಬರೆದಿದ್ದೇನೆ.

ಆಗಸ್ಟಿನಿಂದ ಎಲ್ಲ ಕಡೆ ಗಲಾಟೆ. ತಂತಿ ಕತ್ತರಿಸಿದರು, ರೈಲು ನಿಂತಿತು, ಟಪಾಲು ಬರಲಿಲ್ಲ. ಅಂಚೆಯವನು ಬೀದಿಯಲ್ಲಿ ಕಂಡರೆ ಬರಲಿ ಅಂತಲೂ ಹೆದರಿಕೆ, ಬರದಿರಲಿ ಅಂತಲೂ ಹೆದರಿಕೆ. ಕೊನೆಗೆ ನಿನ್ನೆ ಬಂತು.

ಟಂಡೇಲನ ಸಂಗತಿ ಓದುವಾಗ ನಾನು ಎರಡು ಸಲ ನಿಲ್ಲಿಸಬೇಕಾಯಿತು. ಅವನ ಮನೆಯ ವಿಳಾಸ ಸಿಕ್ಕಿದರೆ ಕಳಿಸು, ನಾನೇ ಬರೆಯುತ್ತೇನೆ. ಮೂಲೆ ಹರಿಯದೆ ಬರೆಯುತ್ತೇನೆ. 'ಗಾಳಿ ಬಂದಾಗ ತೂರಿಕೋ' ಅನ್ನುವುದು ಹಡಗಿನ ಗಾದೆಯೇ ಕಣೋ. ನಾನು ಸೋತೆ. ಈ ಸಲ ಕಣದಲ್ಲಿ ಯಾರು ಕೇಳಿದರೂ ಹಾಗೇ ಹೇಳುತ್ತೇನೆ, ನಗುವವರು ನಗಲಿ. ವೆಂಕಟರತ್ನಮ್ಮ ಸಾಯಂಕಾಲ ನನ್ನ ಹತ್ತಿರ ಅಕ್ಷರ ತಿದ್ದುತ್ತಿದ್ದಾಳೆ. ಈ ಮನೆಯಲ್ಲಿ ಓದುವವರು ಒಬ್ಬರೇ ಇದ್ದರೆ ಸಾಲದು ಅನ್ನುತ್ತಾಳೆ. ಹೊಸ ಬಳೆ ಬೇಡವಂತೆ, ನೀನು ಬಂದರೆ ಸಾಕಂತೆ.

ನೀರು ದಾಟಬೇಕು ಅಂತ ಹೆದರಬೇಡ ಅಂತ ನಾನು ಬರೆಯುವುದಿಲ್ಲ. ನನಗೇ ಹೆದರಿಕೆ. ಹೆದರಿಕೊಂಡೇ ಬಾ. ಸೊಸೆ ಗಾಳಿ ಬೀಸುವ ತನಕ ನಾವೂ ಹೆದರಿಕೊಂಡೇ ಇರುತ್ತೇವೆ.

ಕಾಗದ ಬಂದಾಗ ನಿಮ್ಮಮ್ಮನ ಕೈಗೆ ಕೊಟ್ಟೆ. ಜೂನಿನಿಂದ ಅವಳು ಯಾವ ಕಾಗದವನ್ನೂ ಮುಟ್ಟಿರಲಿಲ್ಲ. ಬೇಡ ಬೇಡ ಅಂದಳು. ಸೊಸೆ ಅವಳ ಬೆರಳು ಹಿಡಿದು ಅಂಚಿನ ಮೇಲೆ ಇಟ್ಟಳು. ಮೇಲಿನ ಮೂಲೆ ತಡವಿದಳು, ಇತ್ತು. ಪಕ್ಕದ್ದು, ಇತ್ತು. ಕೆಳಗಿನ ಎರಡೂ ಇದ್ದವು. ಮತ್ತೆ ಮೊದಲಿಂದ ನಾಲ್ಕನ್ನೂ ತಡವಿದಳು. ಆಮೇಲೆ ಹಾಳೆಯ ಮೇಲೆಲ್ಲ ಕೈಯಾಡಿಸುತ್ತಾ ನಡುವಿಗೆ ಬಂದಾಗ ಬೆರಳು ತೂತಿನೊಳಕ್ಕೆ ಹೋಯಿತು. ಬೆಚ್ಚಿಬಿದ್ದು, "ಇದೇನು, ಇಲ್ಲೊಂದು ತೂತು?" ಅಂದಳು.

"ಅದು ನಿನ್ನ ಮಗ ಇರೋ ಊರು ಕಣೇ" ಅಂದೆ.

ನಾನು ಕಾಗದವನ್ನು ಪೂರ್ತಿ ಓದಿ ಮುಗಿಸುವವರೆಗೂ ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ನಿನ್ನಪ್ಪ,
ಗುರುವಪ್ಪ